ಗುಂಪಿನಲ್ಲಿ ಸೈಕಲ್ ಬಿಡುವಾಗ ಬೀಳದಿರುವುದು ಹೇಗೆ, ಬಿದ್ದರೆ ಮಾಡಬೇಕಾದ್ದೇನು

ದೊಡ್ಡ ರೇಸುಗಳಲ್ಲಿ ಸವಾರರು ಬಿದ್ದಾಗ ಟಿವಿಯವರು ಮತ್ತೆ ಮತ್ತೆ ತೋರಿಸುವುದು ಬಿದ್ದ ಕ್ಷಣವನ್ನು. ಕಲಿಯಬೇಕೆಂದಿದ್ದರೆ ಅದಕ್ಕಿಂತ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ನೋಡಬೇಕು. ಯಾರ ಮುಂಚಕ್ರ ಯಾರ ಹಿಂಚಕ್ರದ ಬದಿಗೆ ನುಗ್ಗಿತ್ತು, ಯಾರು ಹ್ಯಾಂಡಲಿನಿಂದ ಕೈ ತೆಗೆದಿದ್ದರು, ತಿರುವಿಗೆ ಬರುವಾಗ ಬ್ರೇಕ್ ಎಲ್ಲಿ ಹಿಡಿದರು, ಕಾರಣ ಅಲ್ಲಿರುತ್ತದೆ. ಟೂರ್ ದ ಫ್ರಾನ್ಸನ್ನು ನಾಲ್ಕು ಸಲ ಗೆದ್ದ ಕ್ರಿಸ್ ಫ್ರೂಮ್ 2019ರ ಜೂನಿನಲ್ಲಿ ಬಿದ್ದದ್ದು ರೇಸಿನಲ್ಲೂ ಅಲ್ಲ. ರೇಸಿನ ದಾರಿ ನೋಡಿಕೊಂಡು ಬರಲು ಹೋದಾಗ, ಮೂಗು ಒರೆಸಿಕೊಳ್ಳಲು ಒಂದು ಕೈ ತೆಗೆದ ಹೊತ್ತಿಗೆ ಗಾಳಿ ಬೀಸಿ ಮುಂಚಕ್ರ ತಿರುಗಿಹೋಯಿತು. ತೊಡೆಮೂಳೆ, ಮೊಣಕೈ, ಪಕ್ಕೆಲುಬು ಮುರಿದವು. ಆಮೇಲೆ ಅವರು ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ.

ಕಾಸರಗೋಡು ಜಿಲ್ಲೆಯಲ್ಲಿ ಭಾನುವಾರ ಬೆಳಿಗ್ಗೆ ಐದಾರು ಜನ ಸೇರಿ ರೋಡ್ ಸೈಕಲ್ ಬಿಡುವವರು ಈಗ ಊರಿಗೊಂದು ಗುಂಪಿನಂತೆ ಕಾಣಸಿಗುತ್ತಾರೆ. ಅವರಿಗೂ, ಕ್ಲಬ್ಬಿನ ಹೆಸರಲ್ಲಿ ಸಣ್ಣ ರೇಸ್ ಇಡುವವರಿಗೂ ಬೇಕಾದಷ್ಟನ್ನು ಇಲ್ಲಿ ಬರೆದಿದೆ. ವೃತ್ತಿಪರ ರೇಸುಗಳಿಂದ ತೆಗೆದುಕೊಂಡದ್ದು ಬಹಳ ಇದೆ. ಆದರೆ ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ ಎಂಬುದನ್ನು ಮರೆತು ಬರೆದಿಲ್ಲ.

ಹೊರಡುವ ಮುನ್ನ

ಗಾಳಿಯಿಂದ ಶುರು ಮಾಡಿ. ಕಲ್ಲಿನ ಹಾಗೆ ಗಾಳಿ ತುಂಬಿದರೆ ವೇಗ ಹೆಚ್ಚು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. ಟಯರಿನ ಬದಿಯಲ್ಲಿ ಬರೆದ ದೊಡ್ಡ ಅಂಕಿ ಮೀರಬಾರದ ಮಿತಿಯೇ ಹೊರತು ತುಂಬಬೇಕಾದ ಅಳತೆಯಲ್ಲ. ಅತಿ ಗಟ್ಟಿಯಾದ ಟಯರು ಒರಟು ಡಾಮರಿನ ಮೇಲೆ ಪುಟಿಯುತ್ತದೆ, ಪುಟಿದ ಹೊತ್ತಿಗೆ ಹಿಡಿತ ಇರುವುದಿಲ್ಲ. ತಿರುವಿನಲ್ಲಿ ಜಾರಲು ಅಷ್ಟು ಸಾಕು. 70 ಕಿಲೋ ತೂಕದವರು 28 ಮಿ.ಮೀ. ಟಯರಿಗೆ, ಒಳಗೆ ಟ್ಯೂಬ್ ಇದ್ದರೆ, ಮುಂದಕ್ಕೆ 70, ಹಿಂದಕ್ಕೆ 75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟು ನೋಡಿ. 25 ಮಿ.ಮೀ. ಆದರೆ 85ರ ಆಸುಪಾಸು, 32 ಆದರೆ 55ರಿಂದ 60. ತೂಕ 10 ಕಿಲೋ ಹೆಚ್ಚಾದರೆ 5 ಪಿಎಸ್‌ಐ ಏರಿಸಿ. ಮಳೆಗಾಲದಲ್ಲಿ ಎರಡೂ ಚಕ್ರಕ್ಕೆ 5 ಇಳಿಸಿ. ತೀರಾ ಇಳಿಸಿದರೆ ಹೊಂಡದ ಅಂಚಿಗೆ ರಿಮ್ಮು ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಬೆರಳಲ್ಲಿ ಒತ್ತಿ ನೋಡಿ ಅಂದಾಜು ಮಾಡಬೇಡಿ. ಒತ್ತಡ ತೋರಿಸುವ ಮುಳ್ಳಿರುವ ಪಂಪು ಗುಂಪಿಗೊಂದಾದರೂ ಇರಲಿ.

ಒಳಅಂಚಿನಲ್ಲಿ ಕೊಕ್ಕೆ ಇಲ್ಲದ ಹೊಸ ನಮೂನೆಯ ರಿಮ್ಮು ಇದ್ದವರಿಗೆ ಬೇರೆ ಲೆಕ್ಕ. ಅದಕ್ಕೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೇಲೆ ಹೋಗಲೇಬಾರದು, ಮತ್ತು ರಿಮ್ ಕಂಪನಿ ಆಗುತ್ತದೆ ಎಂದು ಹೇಳಿದ ಟಯರು ಮಾತ್ರ ಹಾಕಬೇಕು. 2024ರ ಯುಎಇ ಟೂರ್‌ನಲ್ಲಿ ಥಾಮಸ್ ದ ಗೆಂಟ್ ಬಿದ್ದಾಗ ಟಯರು ರಿಮ್ಮಿನಿಂದ ಪೂರ್ತಿ ಕಳಚಿತ್ತು. ಈ ರಿಮ್ಮುಗಳ ಚರ್ಚೆ ಜೋರಾದದ್ದು ಅಲ್ಲಿಂದ. 85 ಕಿಲೋ ತೂಕದವರು 25 ಮಿ.ಮೀ. ಟಯರನ್ನು ಇಂಥ ರಿಮ್ಮಿಗೆ ಹಾಕಿದರೆ ಬೇಕಾದ ಗಾಳಿಯೂ ಹಿಡಿಯುವುದಿಲ್ಲ, ಹಿಡಿಸಿದರೆ ಅಪಾಯ. ಕೊಳ್ಳುವಾಗಲೇ ಕೇಳಿ.

ಬ್ರೇಕ್: ಲಿವರ್ ಎಷ್ಟು ಒತ್ತಿದರೂ ಹ್ಯಾಂಡಲಿಗೆ ತಾಗಬಾರದು. ರಿಮ್ ಬ್ರೇಕಿನ ರಬ್ಬರಿನ ಮೇಲಿನ ಗೀರುಗಳು ಮಾಸಿದರೆ ಬದಲಿಸಬೇಕು. ಮಳೆಯಲ್ಲಿ ಹೋಗಿ ಬಂದ ಮೇಲೆ ಆ ರಬ್ಬರನ್ನು ಹತ್ತಿರದಿಂದ ನೋಡಿ: ಮಿನುಗುವ ಅಲ್ಯುಮಿನಿಯಂ ಚೂರು, ಕೆಂಪುಕಲ್ಲಿನ ಮರಳು ಕಚ್ಚಿಕೊಂಡಿರುತ್ತದೆ. ಸೂಜಿಯ ತುದಿಯಿಂದ ಕಿತ್ತು ತೆಗೆಯದಿದ್ದರೆ ಅದು ರಿಮ್ಮನ್ನೇ ಕೊರೆಯುತ್ತದೆ. ಶಿಮಾನೊ ಡಿಸ್ಕ್ ಬ್ರೇಕಿನಲ್ಲಿ ಹೊಸ ತಟ್ಟೆ 1.8 ಮಿ.ಮೀ. ದಪ್ಪ ಇರುತ್ತದೆ, 1.5ಕ್ಕೆ ಬಂದರೆ ತೆಗೆದುಹಾಕಬೇಕು. ಪ್ಯಾಡಿನ ಮಸಾಲೆ 0.5 ಮಿ.ಮೀ.ಗೆ ಇಳಿದರೆ ಅದರ ಆಯಸ್ಸು ಮುಗಿಯಿತು. ಚೈನಿಗೆ ಹಾಕುವ ಎಣ್ಣೆ ಸ್ಪ್ರೇ ತಟ್ಟೆಗೆ ಸಿಡಿದರೆ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ಅದಕ್ಕೇ ಡಿಸ್ಕ್ ಇರುವ ಸೈಕಲಿಗೆ ಸ್ಪ್ರೇ ಬೇಡ, ತೊಟ್ಟಿಕ್ಕುವ ಎಣ್ಣೆ ಸಾಕು.

ಸವೆದ ಚೈನು ಸುಮ್ಮನೆ ಹೋಗುವಾಗ ಏನೂ ಮಾಡುವುದಿಲ್ಲ. ಎದ್ದು ನಿಂತು ಪೂರ್ತಿ ಬಲ ಹಾಕಿದಾಗ ಹಲ್ಲಿನ ಮೇಲೆ ಜಿಗಿಯುತ್ತದೆ; ಪೆಡಲು ತಟ್ಟನೆ ಕೆಳಗಿಳಿದು ಸವಾರ ಹ್ಯಾಂಡಲಿನ ಮೇಲೆ ಬೀಳುತ್ತಾನೆ. ಚೈನು ನೂರಕ್ಕೆ ಎಷ್ಟು ಹಿಗ್ಗಿದೆ ಎಂದು ಹೇಳುವ ಅಳತೆಪಟ್ಟಿ 0.75 ತೋರಿಸುವ ಮೊದಲೇ ಚೈನು ಬದಲಿಸಿ. ಪೆಡಲಿಗೆ ಕಚ್ಚಿಕೊಳ್ಳುವ, ಷೂ ಅಡಿಯ ಕ್ಲೀಟ್ ಸವೆದರೂ ಇದೇ ಕತೆ, ಜೋರಾಗಿ ತುಳಿದಾಗಲೇ ಕಳಚುತ್ತದೆ.

ಹ್ಯಾಂಡಲ್ ಕೊಳವೆಯ ಎರಡೂ ತುದಿಗೆ ಮುಚ್ಚಳ ಇದೆಯೇ ನೋಡಿ. ಐದು ರೂಪಾಯಿಯ ಪ್ಲಾಸ್ಟಿಕ್ ಬಿರಡೆ ಅದು, ಉದುರಿಹೋದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ತೆರೆದ ಕೊಳವೆ ಬಿದ್ದಾಗ ತೊಡೆಗೋ ಹೊಟ್ಟೆಗೋ ಚುಚ್ಚಿ ವೃತ್ತಾಕಾರಕ್ಕೆ ಮಾಂಸ ಕತ್ತರಿಸುತ್ತದೆ. ಮುಚ್ಚಳ ಇಲ್ಲದ ಸೈಕಲ್ಲನ್ನು ರೇಸಿಗೆ ಬಿಡಬೇಡಿ, ಅದರಲ್ಲಿ ದಾಕ್ಷಿಣ್ಯ ಬೇಡ. ಕೊನೆಗೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವಲ್ಲಿನ ಬೇರಿಂಗ್, ಸಡಿಲ. ಚಕ್ರದ ಲಿವರ್ ಮುಚ್ಚುವಾಗ ಅಂಗೈಯಲ್ಲಿ ಅದರ ಗುರುತು ಬೀಳುವಷ್ಟು ಬಿಗಿ ಇರಬೇಕು. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ಮಿನ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 5 ನ್ಯೂಟನ್-ಮೀಟರ್ ಎಂದು ಅದರ ಮೇಲೆಯೇ ಬರೆದಿರುತ್ತದೆ. ಕಾರ್ಬನ್ ಆದರೆ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್ ಇಲ್ಲದೆ ಮುಟ್ಟಬೇಡಿ.

ಹೆಲ್ಮೆಟ್ ಬಗ್ಗೆ ಎರಡೇ ಮಾತು. 2003ರ ಪ್ಯಾರಿಸ್–ನೀಸ್ ರೇಸಿನಲ್ಲಿ ಹೆಲ್ಮೆಟ್ ಇಲ್ಲದ ಆಂದ್ರೇ ಕಿವಿಲೆವ್ ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದೇ ವರ್ಷ ಅದನ್ನು ಕಡ್ಡಾಯ ಮಾಡಿತು. ಅದಕ್ಕೆ ಮೊದಲು ಬೇಡ ಎಂದು ಗಲಾಟೆ ಮಾಡಿದವರು ಸವಾರರೇ. ತಲೆಗಿಟ್ಟಾಗ ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ, ಪಟ್ಟಿಗಳು ಸೇರುವುದು ಕಿವಿಯ ಕೆಳಗೆ, ಗಲ್ಲದಡಿಯಲ್ಲಿ ಒಂದು ಬೆರಳು ತೂರುವಷ್ಟು ಜಾಗ. ಹಣೆ ಕಾಣುವ ಹಾಗೆ ಹಿಂದಕ್ಕೆ ಸರಿಸಿ ಹಾಕಿದ್ದು ಇದ್ದೂ ಇಲ್ಲದ ಹಾಗೆ.

ಗುಂಪಿನೊಳಗೆ

ಗುಂಪಿನಲ್ಲಿ ಬೀಳುವುದಕ್ಕೆ ಬಹುಮಟ್ಟಿಗೆ ಒಂದೇ ಕಾರಣ: ಹಿಂದಿನವನ ಮುಂಚಕ್ರ ಮುಂದಿನವನ ಹಿಂಚಕ್ರಕ್ಕೆ ಬದಿಯಿಂದ ತಾಗುವುದು. ಮುಂದಿನವನಿಗೆ ಏನೂ ಆಗುವುದಿಲ್ಲ. ಹಿಂದಿನವನು ಬೀಳುತ್ತಾನೆ, ಅವನ ಹಿಂದಿದ್ದವರು ಅವನ ಮೇಲೆ. ಸೈಕಲ್ ನೆಟ್ಟಗೆ ನಿಂತಿರುವುದು ಮುಂಚಕ್ರ ಸದಾ ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಗಿ ಸವಾರನ ಭಾರದ ಕೆಳಗೆ ಬರುತ್ತಿರುವುದರಿಂದ. ಇನ್ನೊಂದು ಚಕ್ರ ಅದನ್ನು ಒಂದು ಬದಿಗೆ ತಿರುಗಲು ಬಿಡದಿದ್ದರೆ ಆ ಬದಿಗೆ ಬೀಳುವುದು ಖಂಡಿತ.

ಆದ್ದರಿಂದ ನಿಯಮ ಇಷ್ಟೇ, ನಿಮ್ಮ ಮುಂಚಕ್ರ ಮುಂದಿನವರ ಹಿಂಚಕ್ರದ ಅಕ್ಕಪಕ್ಕಕ್ಕೆ ಎಂದೂ ಹೋಗಬಾರದು. ಹೊಸಬರು 1 ಮೀಟರ್ ಬಿಡಿ. ತಿಂಗಳುಗಟ್ಟಲೆ ಒಟ್ಟಿಗೆ ಓಡಿಸಿದವರು ಅರ್ಧ ಮೀಟರಿಗೆ ಬರಬಹುದು. ವೃತ್ತಿಪರರು ಅದಕ್ಕಿಂತ ಹತ್ತಿರ ಇರುತ್ತಾರೆ ನಿಜ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಸಾಗುತ್ತೇವೆ, ಕಣ್ಣಿಗೆ ಕಂಡದ್ದು ಕೈಗೆ ತಲುಪುವ ಮೊದಲು ಐದಾರು ಮೀಟರ್ ಹೋಗಿರುತ್ತದೆ. ಅಷ್ಟು ಹತ್ತಿರದಲ್ಲಿ ಅವರನ್ನು ಕಾಯುವುದು ಬ್ರೇಕಲ್ಲ, ಮುಂದಿನವ ಹಠಾತ್ತನೆ ಏನೂ ಮಾಡುವುದಿಲ್ಲ ಎಂಬ ಖಾತರಿ. ಆ ಖಾತರಿ ಇಲ್ಲದ ಗುಂಪಿನಲ್ಲಿ ಹತ್ತಿರ ಹೋಗುವುದು ಶುದ್ಧ ಹುಚ್ಚು. ಕಣ್ಣು ಮುಂದಿನ ಚಕ್ರಕ್ಕೆ ನೆಡಬೇಡಿ. ಎರಡು ಮೂರು ಜನರಾಚೆ, ಹೆಗಲುಗಳ ಮೇಲಿಂದ ನೋಡಿ.

ತಾಗಿಯೇ ಬಿಟ್ಟರೆ? ಗಾಬರಿಯಲ್ಲಿ ದೂರ ಎಳೆದುಕೊಳ್ಳಲು ಕೈ ತನ್ನಷ್ಟಕ್ಕೆ ಹೋಗುತ್ತದೆ, ಬೀಳಿಸುವುದು ಅದೇ. ಬ್ರೇಕ್ ಹಿಡಿಯದೆ, ಮೊಣಕೈ ಸಡಿಲ ಬಿಟ್ಟು, ತಾಗಿದ ಚಕ್ರದ ಕಡೆಗೇ ಸ್ವಲ್ಪ ಒತ್ತಿ ಹಿಡಿಯಬೇಕು. ಭಾರ ಸಮವಾದ ಮೇಲೆ ತುಳಿಯುವುದು ನಿಧಾನಿಸಿದರೆ ಚಕ್ರ ತಾನಾಗಿ ಹಿಂದೆ ಸರಿಯುತ್ತದೆ. ಇದನ್ನು ಡಾಮರಿನಲ್ಲಿ ಕಲಿಯಲಾಗದು. ಶಾಲೆಯ ಮೈದಾನದ ಹುಲ್ಲಿನ ಮೇಲೆ, ನಡಿಗೆಯ ವೇಗದಲ್ಲಿ, ಹಳೇ ಸೈಕಲ್ ತಂದು ಇಬ್ಬಿಬ್ಬರಾಗಿ ಅರ್ಧ ಗಂಟೆ ಚಕ್ರಕ್ಕೆ ಚಕ್ರ, ಹೆಗಲಿಗೆ ಹೆಗಲು ತಾಗಿಸಿ ಅಭ್ಯಾಸ ಮಾಡಿ. ಬಿದ್ದರೂ ಮಣ್ಣು ಕೊಡವಿಕೊಂಡು ಏಳುವಷ್ಟೇ.

ಏರಿನಲ್ಲಿ ಇನ್ನೊಂದು ಗುಟ್ಟಿನ ಕಾರಣವಿದೆ. ಕೂತವ ಎದ್ದು ನಿಲ್ಲುವಾಗ ತುಳಿತ ಒಂದು ಕ್ಷಣ ನಿಲ್ಲುತ್ತದೆ, ಸೈಕಲ್ ಅವನ ಕೆಳಗೆ ಒಂದು ಗೇಣಿನಷ್ಟು ಹಿಂದಕ್ಕೆ ಬರುತ್ತದೆ. ಹಿಂದಿನವನ ಚಕ್ರಕ್ಕೆ ಅಷ್ಟು ಸಾಕು. ಏಳುವ ಮೊದಲು ಒಂದು ಗೇರ್ ಗಟ್ಟಿ ಮಾಡಿ, "ಏಳ್ತೇನೆ" ಎಂದು ಹೇಳಿ, ಪೆಡಲು ಕೆಳಕ್ಕೆ ಒತ್ತುತ್ತಲೇ ಮೇಲೇಳಿ.

ಕೂಗುಗಳನ್ನು ಹೊರಡುವ ಮುಂಚೆ ತೀರ್ಮಾನಿಸಿಕೊಳ್ಳಿ. ನಮ್ಮ ಗುಂಪುಗಳಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಇರುತ್ತವೆ. ಒಬ್ಬೊಬ್ಬ ಒಂದೊಂದು ಹೇಳಿದರೆ ಅರ್ಥವಾಗುವಷ್ಟರಲ್ಲಿ ಹೊಂಡ ಬಂದಿರುತ್ತದೆ. ನಾಲ್ಕು ಕೂಗು ಸಾಕು: ಹೊಂಡ, ನಿಧಾನ, ಹಿಂದೆ ಗಾಡಿ, ಎದುರು ಗಾಡಿ. ಜೊತೆಗೆ ಬೆರಳು ತೋರಿಸುವುದಿದ್ದರೆ ಒಂದು ಕೈ ಬ್ರೇಕಿನ ಮೇಲೆ ಇರಲಿ, ಹೊಂಡ ತೀರಾ ಹತ್ತಿರ ಬಂದಾಗ ಕೈ ಬಿಡಲೇಬೇಡಿ, ಕೂಗಿದರೆ ಸಾಕು. ನಾಯಿ ಅಡ್ಡ ಬಂದರೆ ಹ್ಯಾಂಡಲ್ ತಿರುಗಿಸಿ ತಪ್ಪಿಸಲು ಹೋಗಿ ಪಕ್ಕದವನಿಗೆ ಬಡಿಯುವುದೇ ಹೆಚ್ಚು. ನೇರ ಹಿಡಿದು, ಬ್ರೇಕ್ ಹಾಕಿ, ಗದರಿಸಿ.

ಗುಂಪಿನ ಮುಂದಿದ್ದು ಗಾಳಿ ಸೀಳಿ ಎಳೆಯುವ ಸರದಿ ಮುಗಿದವರು ಹಿಂದೆ ನೋಡಿಕೊಂಡು ಬಲಕ್ಕೆ ಸರಿದು ಹಿಂದಕ್ಕೆ ಬರಲಿ. ಎಡಕ್ಕೆ ಸರಿದರೆ ಡಾಮರಿನ ಅಂಚು ಕಡಿದು ಮಣ್ಣಿಗೆ ಇಳಿಯುವ ಜಾಗಗಳು ನಮ್ಮಲ್ಲಿ ಬಹಳ. ಹಿಂದೆ ಗಾಡಿ ಇದ್ದರೆ ಸರದಿ ಬದಲಿಸಬೇಡಿ. ರಾಷ್ಟ್ರೀಯ ಹೆದ್ದಾರಿ 66ರ ಸರ್ವೀಸ್ ರಸ್ತೆಯಲ್ಲಿ ಚರಂಡಿ ಮುಚ್ಚಿದ ಚಪ್ಪಡಿಗಳ ಮೇಲೆ ಹೋಗಲೇಬೇಡಿ. ಚಪ್ಪಡಿಗೂ ಡಾಮರಿಗೂ ನಡುವಿನ ಬಿರುಕು ಚಕ್ರ ಸಾಗುವ ದಿಕ್ಕಿಗೇ ಇರುತ್ತದೆ, 25 ಮಿ.ಮೀ. ಟಯರು ಒಳಗೆ ಸಿಕ್ಕಿಕೊಳ್ಳುತ್ತದೆ. ರೈಲು ಹಳಿಯನ್ನು ನೇರ ಅಡ್ಡಕ್ಕೆ ದಾಟಬೇಕು, ಒದ್ದೆ ಇದ್ದರೆ ಇಳಿದು ದಾಟಿ.

ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಪಡುಗಾಳಿ ಏಳುತ್ತದೆ. ಕುಂಬಳೆ, ಉಪ್ಪಳ ಕಡೆ ತೆಂಕು–ಬಡಗಾಗಿ ಸಾಗುವವರಿಗೆ ಅದು ಬದಿಗಾಳಿ. ಯುರೋಪಿನ ರೇಸಿನಲ್ಲಿ ಇಂಥ ಹೊತ್ತಿಗೆ ರಸ್ತೆಯ ಅಗಲಕ್ಕೆ ಓರೆಯಾಗಿ ಸಾಲುಗಟ್ಟುತ್ತಾರೆ. ವಾಹನ ಓಡಾಡುವ ಮಾರ್ಗದಲ್ಲಿ ಅದು ಸಾಧ್ಯವಿಲ್ಲ, ಆದರೂ ಗಾಳಿ ಮರೆಗಾಗಿ ಎಲ್ಲರೂ ಸ್ವಲ್ಪ ಸ್ವಲ್ಪವೇ ಬದಿಗೆ ಸರಿದು ಚಕ್ರಕ್ಕೆ ಚಕ್ರ ಹೊಂದಿಕೊಂಡುಬಿಡುತ್ತದೆ. ಗಾಳಿ ಎದ್ದರೆ ಗುಂಪನ್ನು ನಾಲ್ಕು ಜನಕ್ಕೆ ಒಡೆಯಿರಿ, ನಡುವೆ 50 ಮೀಟರ್ ಬಿಡಿ. ಎತ್ತರದ ಕಾರ್ಬನ್ ರಿಮ್ಮು ಅಂದು ಮನೆಯಲ್ಲಿರಲಿ. ಅಂತಾರಾಷ್ಟ್ರೀಯ ಒಕ್ಕೂಟವೇ 2026ರಿಂದ ರಸ್ತೆ ರೇಸಿನಲ್ಲಿ ರಿಮ್ಮಿನ ಎತ್ತರಕ್ಕೆ 65 ಮಿ.ಮೀ. ಮಿತಿ ಹಾಕಿದೆ.

ಗುಡ್ಡೆ ಇಳಿಯುವಾಗ

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್. ಕಂಡು ಬ್ರೇಕ್ ಹಿಡಿಯಲು 1 ಸೆಕೆಂಡು ಎಂದಿಟ್ಟುಕೊಂಡರೆ, ಒಣ ಡಾಮರಿನಲ್ಲಿ ಒಳ್ಳೆಯ ಬ್ರೇಕು ನಿಲ್ಲಿಸುವಷ್ಟರಲ್ಲಿ ಒಟ್ಟು 34 ಮೀಟರ್ ಹೋಗಿರುತ್ತೀರಿ. ಹಿಡಿತ ಅರ್ಧಕ್ಕಿಳಿಯುವ ಒದ್ದೆಯಲ್ಲಿ 53. ಪೊಸಡಿಗುಂಪೆ, ರಾಣಿಪುರದಂಥ ಕಡೆ ತಿರುವಿನಾಚೆ ಎಷ್ಟು ಮೀಟರ್ ಕಾಣುತ್ತದೆ ಎಂದು ಒಮ್ಮೆ ನಡೆದು ಅಳೆದು ನೋಡಿ. ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗ ಅತಿವೇಗವೇ, ಮೀಟರಿನಲ್ಲಿ ಎಷ್ಟೇ ತೋರಿಸಲಿ.

ಕೈ ಹ್ಯಾಂಡಲಿನ ಕೆಳಬಾಗಿನಲ್ಲಿ, ತಲಾ ಒಂದೆರಡು ಬೆರಳು ಲಿವರ್ ಮೇಲೆ. ಬ್ರೇಕಿನ ಕೆಲಸವೆಲ್ಲ ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗಲೇ ಮುಗಿಯಬೇಕು. ಮುಂದಿನ ಬ್ರೇಕೇ ನಿಲ್ಲಿಸುವುದು. ಅದಕ್ಕೆ ಹೆದರಿ ಹಿಂದಿನದನ್ನೇ ಒತ್ತುವವರ ಹಿಂಚಕ್ರ ಲಾಕಾಗಿ ಬಾಲ ಬೀಸುತ್ತದೆ. ಸೈಕಲ್ ವಾಲಿದ ಮೇಲೆ ಮುಂದಿನ ಬ್ರೇಕ್ ಗಟ್ಟಿ ಹಿಡಿದಿರೋ, ಮುಂಚಕ್ರ ಜಾರುತ್ತದೆ, ಜಾರಿದ ಮುಂಚಕ್ರವನ್ನು ಹಿಂದಕ್ಕೆ ತಂದವರು ಕಡಿಮೆ. ತಿರುವಿನಲ್ಲಿ ಹೊರಗಿನ ಪೆಡಲು ಕೆಳಗೆ, ಅದರ ಮೇಲೆ ಮೈಭಾರ, ನೋಟ ತಿರುವು ಮುಗಿಯುವ ಕಡೆಗೆ. ಹೊಂಡ ನೋಡುತ್ತಾ ಹೋದರೆ ಹೊಂಡಕ್ಕೇ ಹೋಗುತ್ತೀರಿ. ಟಿವಿಯಲ್ಲಿ ಅವರು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಕತ್ತರಿಸಿ ತಿರುಗುವುದು ಎದುರು ವಾಹನ ಇಲ್ಲದ ಕಾರಣಕ್ಕೆ. ನಮ್ಮ ಪಾಲಿಗೆ ಎಡದ ಅರ್ಧವೇ ಪೂರ್ತಿ ರಸ್ತೆ. ಬಲತಿರುವಿನಲ್ಲಿ ತಲೆ ನಡುಗೆರೆಯಾಚೆ ಚಾಚದ ಹಾಗೆ ನೋಡಿಕೊಳ್ಳಿ.

ಸೀಟಿನಿಂದ ಹ್ಯಾಂಡಲಿನ ಕಡೆಗೆ ಹೋಗುವ ನಡುಕೊಳವೆಯ ಮೇಲೆ ಮುದುರಿ ಕುಳಿತು ಇಳಿಯುವುದನ್ನು 2021ರ ಏಪ್ರಿಲ್ 1ರಿಂದ ರೇಸುಗಳಲ್ಲಿ ನಿಷೇಧಿಸಿದ್ದಾರೆ. ಆ ಭಂಗಿಯಲ್ಲಿ ಮುಂಚಕ್ರದ ಮೇಲೆ ಭಾರ ಹೆಚ್ಚಾಗಿ, ಹೊಂಡ ಬಂದಾಗ ಸರಿಪಡಿಸಿಕೊಳ್ಳಲು ಮೈಗೆ ಅವಕಾಶವೇ ಇರುವುದಿಲ್ಲ. ಇದನ್ನು ರೀಲ್ಸ್‌ಗಾಗಿ ಮಾಡುವ ಹುಡುಗರನ್ನು ಗುಂಪಿನಿಂದ ಹೊರಗಿಡಿ.

ಇಳಿಯುವಾಗ ಹ್ಯಾಂಡಲ್ ಗಡಗಡ ನಡುಗಲು ಶುರುವಾದರೆ ಬಿಗಿಹಿಡಿದಷ್ಟೂ ಹೆಚ್ಚುತ್ತದೆ. ಎರಡೂ ಮೊಣಕಾಲಿನಿಂದ ನಡುಕೊಳವೆಯನ್ನು ಅವುಚಿ, ಸೀಟಿನಿಂದ ಸ್ವಲ್ಪ ಮೇಲೆದ್ದು, ಕೈ ಸಡಿಲಿಸಿ, ನಿಧಾನಕ್ಕೆ ಬ್ರೇಕ್ ಹಿಡಿಯಿರಿ.

ಪತ್ತನಾಜೆ (ಮೇ ಕೊನೆ) ಕಳೆದು ಬರುವ ಮೊದಲ ಒಂದೆರಡು ಮಳೆಗೆ ಮಾರ್ಗ ಅತಿ ಜಾರು. ಬೇಸಗೆಯಿಡೀ ಕೂತ ಎಣ್ಣೆ, ಟಯರಿನ ಪುಡಿ, ಕೆಂಪುಧೂಳು ನೀರಿನೊಂದಿಗೆ ಕಲಸಿ ಲೇಪವಾಗುತ್ತದೆ, ಜೋರು ಮಳೆ ಬಂದು ತೊಳೆದ ಮೇಲೆಯೇ ಹೋಗುವುದು. ಆಟಿಯ (ಜುಲೈ–ಆಗಸ್ಟ್) ಹೊತ್ತಿಗೆ ಸಮಸ್ಯೆ ಬೇರೆ: ಮರದ ನೆರಳಿನ ತಿರುವುಗಳಲ್ಲಿ ಹಾವಸೆ, ಕಡಿದ ಗುಡ್ಡೆಯಿಂದ ಇಳಿದು ಬಂದ ಕೆಸರು, ಕಲ್ಲಿನ ಕೋರೆಗೆ ತಿರುಗುವ ಕಡೆ ಟಿಪ್ಪರ್ ಚಕ್ರದಿಂದ ಉದುರಿದ ಜಲ್ಲಿ. ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಬಿದ್ದ ಅಡಿಕೆ ಸೋಗೆ, ಇವುಗಳ ಮೇಲೆ ವಾಲಬೇಡಿ, ಬ್ರೇಕೂ ಬೇಡ, ನೆಟ್ಟಗೆ ದಾಟಿ. ರಿಮ್ ಬ್ರೇಕಿನವರು ತಿರುವಿಗೆ ಬಹಳ ಮುಂಚೆ ಒಮ್ಮೆ ಹಗುರಾಗಿ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಚಕ್ರ ಒಂದೆರಡು ಸುತ್ತು ತಿರುಗುವ ತನಕ ಹಿಡಿತವೇ ಸಿಗದು.

ಬೀಳುವುದಕ್ಕಿಂತ ಬಿದ್ದು ಎಲ್ಲಿಗೆ ಬಡಿಯುತ್ತೇವೆ ಎಂಬುದು ಹೆಚ್ಚಿನ ವಿಷಯ. 2024ರ ಏಪ್ರಿಲ್ 4ರಂದು ಸ್ಪೇನಿನ ಬಾಸ್ಕ್ ನಾಡಿನ ರೇಸಿನಲ್ಲಿ ಇಳಿಜಾರಿನ ತಿರುವಿನಲ್ಲಿ ಒಂದಷ್ಟು ಸವಾರರು ಹೊರಕ್ಕೆ ಹಾರಿ ಬಿದ್ದ ಕಡೆ ಇದ್ದದ್ದು ಕಾಂಕ್ರೀಟ್ ಚರಂಡಿ, ಬಂಡೆ, ಮರ. ಯೋನಾಸ್ ವಿಂಗೆಗೋರ್‌ಗೆ ಕೊರಳೆಲುಬು, ಪಕ್ಕೆಲುಬು ಮುರಿದು ಶ್ವಾಸಕೋಶ ಕುಸಿಯಿತು. ನಂದಾರಪದವಿನಿಂದ ತೆಂಕಕ್ಕೆ ಸಾಗುವ ಮಲೆನಾಡು ಹೆದ್ದಾರಿಯಲ್ಲಿ ಡಾಮರು ನುಣುಪು, ಇಳಿತ ಉದ್ದ, ಬದಿಗೆ ಅಂಥದೇ ಕಾಂಕ್ರೀಟ್ ಚರಂಡಿ. ಒಳ್ಳೆಯ ರಸ್ತೆ ಎಂದು ಬಿಡುವ ಮುನ್ನ ಬದಿ ನೋಡಿ. ರೇಸ್ ಇಡುವವರು ಅಂಥ ತಿರುವಿನ ಹೊರಬದಿಗೆ ಹಳೇ ಹಾಸಿಗೆ, ಇಲ್ಲವೇ ಬೈಹುಲ್ಲಿನ ಕಟ್ಟು ಒತ್ತೊತ್ತಾಗಿ ಇಟ್ಟು ಕಟ್ಟಬೇಕು, 100 ಮೀಟರ್ ಮೊದಲೇ ವಿಸಿಲ್ ಹಿಡಿದ ಒಬ್ಬ ನಿಲ್ಲಬೇಕು.

ಪ್ರತಿ ಇಳಿಜಾರಿನ ಬುಡದಲ್ಲಿ ನಿಂತು ತಲೆ ಎಣಿಸಿ. ಇದಕ್ಕೆ ಖರ್ಚೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 18 ವರ್ಷದ ಮ್ಯೂರಿಯಲ್ ಫೂರರ್ ಮಳೆಯಲ್ಲಿ ಕಾಡಿನ ದಾರಿ ಇಳಿಯುವಾಗ ಬಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಬಹಳ ಹೊತ್ತಿನ ಮೇಲೆ ಸಿಕ್ಕಳು, ಮರುದಿನ ತೀರಿಕೊಂಡಳು. ಅಷ್ಟು ದೊಡ್ಡ ರೇಸಿನಲ್ಲೇ ಹಾಗಾದರೆ ರಬ್ಬರ್ ತೋಟದ ನಡುವಿನ ತಿರುವಿನಲ್ಲಿ ಕೆಳಗೆ ಉರುಳಿದವನನ್ನು ಯಾರು ನೋಡುತ್ತಾರೆ? ಎಲ್ಲರೂ ಫೋನಿನಲ್ಲಿ ಲೈವ್ ಲೊಕೇಶನ್ ಹಂಚಿಕೊಂಡಿರಲಿ. ನೆಟ್‌ವರ್ಕ್ ಸಿಗದ ಕಣಿವೆಗಳಲ್ಲಿ ಎಣಿಕೆಯೇ ಗತಿ.

ರೇಸಿನ ಕೊನೆಯ ಗೆರೆ

ಸಣ್ಣ ರೇಸಿನಲ್ಲಿ ಸಂಘಟಕರು ಗೆರೆ ಎಳೆಯುವುದು ಜನ ಸೇರುವ ಪೇಟೆಯಲ್ಲಿ. ಅದೇ ಮೊದಲ ತಪ್ಪು. ಕೊನೆಯ 300 ಮೀಟರ್ ನೇರ, ಸಮತಟ್ಟು ಅಥವಾ ತುಸು ಏರು, ಹಂಪ್ ಇಲ್ಲದ್ದು ಇರಬೇಕು. ಗೆರೆಯಾಚೆ 100 ಮೀಟರ್ ಖಾಲಿ ಬೇಕು. ಇಳಿಜಾರಿನಲ್ಲಿ ಗೆರೆ ಹಾಕಿದರೆ ಏನಾಗುತ್ತದೆ ಎಂಬುದನ್ನು 2020ರ ಆಗಸ್ಟ್ 5ರಂದು ಪೋಲೆಂಡಿನ ಕಟೊವಿತ್ಸೆಯಲ್ಲಿ ಲೋಕವೇ ನೋಡಿತು. ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗದಲ್ಲಿ ಡೈಲನ್ ಗ್ರೂನೆವೆಗನ್ ತನ್ನ ದಾರಿಯಿಂದ ಬದಿಗೆ ಸರಿದು ಫಾಬಿಯೊ ಯಾಕೊಬ್ಸನ್‌ನನ್ನು ಬೇಲಿಗೆ ಒತ್ತಿದ, ಬೇಲಿ ಬಿಚ್ಚಿಕೊಂಡಿತು. ಸರಿದವನಿಗೆ 9 ತಿಂಗಳ ನಿಷೇಧವಾಯಿತು. ಬೇಲಿಯ ಪಾದಗಳು ರಸ್ತೆಯ ಕಡೆಗೆ ಚಾಚದಂತೆ, ತುಂಡಿಗೆ ತುಂಡು ಬಿಗಿಯಾಗಿ ಕಟ್ಟಿ. ಸವಾರರಿಗೆ ಒಂದೇ ಮಾತು: ಓಟ ಶುರುಮಾಡಿದ ಗೆರೆಯಲ್ಲೇ ಮುಗಿಸಿ, ಸರಿದವರಿಗೆ ಬಹುಮಾನ ಇಲ್ಲ. ಗೆದ್ದ ಖುಷಿಗೆ ಎರಡೂ ಕೈ ಎತ್ತುವುದು ಗೆರೆ ದಾಟಿದ ಮೇಲೆ, ಹಿಂದೆ ಜಾಗ ಇದ್ದರೆ ಮಾತ್ರ.

ಬಿದ್ದ ಮೇಲೆ

ಮೊದಲು ಓಡಬೇಕಾದ್ದು ಬಿದ್ದವರ ಕಡೆಗಲ್ಲ, ಬರುವ ವಾಹನದ ಕಡೆಗೆ. ಒಬ್ಬರು ಹಿಂದಕ್ಕೆ, ಒಬ್ಬರು ಮುಂದಕ್ಕೆ, 50ರಿಂದ 100 ಮೀಟರ್ ಹೋಗಿ ಕೈ ಬೀಸಿ ನಿಲ್ಲಿಸಲಿ. ತಿರುವಿದ್ದರೆ ತಿರುವಿನಾಚೆ ನಿಲ್ಲಬೇಕು. ಉಳಿದವರಲ್ಲಿ ಒಬ್ಬರೇ ಬಿದ್ದವರ ಹತ್ತಿರ ಕೂತು ಮಾತಾಡಲಿ.

ತೋಳು ಹಿಡಿದು ಎಬ್ಬಿಸಬೇಡಿ, ನೀರು ಕುಡಿಸಬೇಡಿ, ಹೆಲ್ಮೆಟ್ ಎಳೆಯಬೇಡಿ. ಉಸಿರಾಡುತ್ತಿದ್ದಾರೆಯೇ, ಕರೆದರೆ ಓಗೊಡುತ್ತಾರೆಯೇ, ಕೈಕಾಲಿನ ಬೆರಳು ಆಡಿಸಲು ಆಗುತ್ತದೆಯೇ ನೋಡಿ. ಕುತ್ತಿಗೆ ನೋವು, ಕೈಕಾಲು ಜೋಮು ಎಂದರೆ ತಲೆಯನ್ನು ಇದ್ದ ಹಾಗೇ ಎರಡೂ ಕೈಯಲ್ಲಿ ಹಿಡಿದು ಆಂಬುಲೆನ್ಸ್ ಬರುವ ತನಕ ಕದಲಿಸದಿರಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಚಿ ಗಟ್ಟಿ ಒತ್ತಿ, 10 ನಿಮಿಷ ಎತ್ತಿ ನೋಡದೆ ಒತ್ತಿಯೇ ಇರಿ.

ಆಂಬುಲೆನ್ಸ್‌ಗೆ 108, ಇಲ್ಲವೇ 112. ಗಡಿಯ ಊರುಗಳಲ್ಲಿ ಫೋನ್ ಯಾವ ರಾಜ್ಯದ ಟವರ್ ಹಿಡಿದಿದೆಯೋ ಕರೆ ಅತ್ತ ಹೋಗಬಹುದು. ಆದ್ದರಿಂದ ಮೊದಲ ವಾಕ್ಯದಲ್ಲೇ "ಕಾಸರಗೋಡು ಜಿಲ್ಲೆ, ಪೆರ್ಲದ ಹತ್ತಿರ" ಎಂದು ಜಿಲ್ಲೆ ಸೇರಿಸಿ ಹೇಳಿ, ಆಮೇಲೆ ಗುರುತು ಹೇಳಿ. ತಲೆ ಸ್ಕ್ಯಾನ್ ಮಾಡುವ ಆಸ್ಪತ್ರೆ ಹತ್ತಿರದಲ್ಲಿ ಎಲ್ಲಿದೆ ಎಂದು ಹೊರಡುವ ಮುನ್ನವೇ ತಿಳಿದುಕೊಂಡಿರಿ: ಮಂಜೇಶ್ವರ–ಉಪ್ಪಳದವರಿಗೆ ಮಂಗಳೂರು, ಅಡ್ಕಸ್ಥಳದ ಕಡೆಯವರಿಗೆ ಪುತ್ತೂರು, ಜಾಲ್ಸೂರಿನ ಕಡೆಗೆ ಹೋದವರಿಗೆ ಸುಳ್ಯ ಹತ್ತಿರವಾಗುತ್ತದೆ. ದಾರಿಹೋಕರು ಪೊಲೀಸ್ ಕೇಸಿಗೆ ಹೆದರಿ ದೂರ ನಿಂತರೆ ಹೇಳಿ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ವಿಧಿ ನೆರವಾಗುವವರಿಗೆ ರಕ್ಷಣೆ ಕೊಡುತ್ತದೆ, ಅವರು ಹೆಸರು ಹೇಳಲೇಬೇಕೆಂದಿಲ್ಲ.

ತಲೆಯ ಪೆಟ್ಟಿನ ವಿಷಯ ಬಿಡಿಸಿಯೇ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲೇ. ಬಿದ್ದವನು ಎದ್ದು "ಏನಾಗಲಿಲ್ಲ, ಹೋಗುವ" ಎನ್ನುತ್ತಾನೆ. 2017ರ ಕ್ಯಾಲಿಫೋರ್ನಿಯಾ ರೇಸಿನಲ್ಲಿ ತೋಮ್ಸ್ ಸ್ಕುಯಿನ್ಶ್ ಹಾಗೆಯೇ ಎದ್ದು, ತೂರಾಡುತ್ತಾ ರಸ್ತೆ ದಾಟಿ, ಮತ್ತೆ ಸೈಕಲ್ ಹತ್ತಿದ್ದ. ಆಮೇಲೆ ತಂಡದವರು ಇಳಿಸಿದರು. 2020ರ ಟೂರ್ ದ ಫ್ರಾನ್ಸ್‌ನಲ್ಲಿ ರೊಮೇನ್ ಬಾರ್ದೆ ಬಿದ್ದ ದಿನ ಕೊನೆಯ ತನಕ ಓಡಿಸಿಯೇ ಬಿಟ್ಟ, ಮೆದುಳಿಗೆ ಪೆಟ್ಟಾಗಿದೆ ಎಂದು ಆಮೇಲೆ ಗೊತ್ತಾಗಿ ರೇಸ್ ಬಿಟ್ಟ. ವೈದ್ಯರು ಹಿಂದೆಯೇ ಇರುವ ಕಡೆ ಹೀಗಾದದ್ದಕ್ಕೇ 2021ರಿಂದ ಅಂತಾರಾಷ್ಟ್ರೀಯ ಒಕ್ಕೂಟ ಇದಕ್ಕೆ ಪ್ರತ್ಯೇಕ ಕ್ರಮ ತಂದಿತು. ಮೆದುಳಿಗೆ ಪೆಟ್ಟಾದವರನ್ನೇ "ಆಗುತ್ತದಾ?" ಎಂದು ಕೇಳಿ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ.

ರಸ್ತೆ ಬದಿಯಲ್ಲಿ ಕೂರಿಸಿ ಐದು ಪ್ರಶ್ನೆ ಕೇಳಿ. ಇದು ಯಾವ ಊರು? ಬೆಳಿಗ್ಗೆ ಎಲ್ಲಿಂದ ಹೊರಟೆವು? ಚಾ ಕುಡಿದದ್ದೆಲ್ಲಿ? ಹೇಗೆ ಬಿದ್ದೆ? ಇವತ್ತು ಯಾವ ವಾರ? ಆಮೇಲೆ ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸಿ. ಒಂದು ಕಾಲಿನ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ಹತ್ತು ಹೆಜ್ಜೆ ನಡೆಸಿ. ಒಂದರಲ್ಲಿ ತಡವರಿಸಿದರೂ, ತಲೆನೋವು, ವಾಕರಿಕೆ, ಮಂಜು ಕಣ್ಣು, ಬೆಳಕಿಗೆ ಕಿರಿಕಿರಿ ಯಾವುದೊಂದಿದ್ದರೂ ಅವತ್ತಿಗೆ ಸೈಕಲ್ ಮುಗಿಯಿತು, ಪಿಕಪ್‌ನಲ್ಲಿ ಮನೆಗೆ. 48 ಗಂಟೆ ಒಬ್ಬರೇ ಇರಬಾರದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತೂಕಡಿಕೆ, ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗುವುದು, ಮಾತು ತೊದಲುವುದು, ಕಿವಿ ಮೂಗಿನಿಂದ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ. ಬಿದ್ದಾಗ ಕ್ಷಣ ಹೊತ್ತು ಎಚ್ಚರ ತಪ್ಪಿದ್ದರೆ ಬೇರೇನೂ ಕಾಣದಿದ್ದರೂ ಹೋಗಲೇಬೇಕು. ಆ ದಿನ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಲಕ್ಷಣ ಎಲ್ಲ ಹೋದ ಮೇಲೂ ಕನಿಷ್ಠ 1 ವಾರ ರೇಸ್ ಇಲ್ಲ. ಹದಿನೆಂಟರ ಒಳಗಿನವರಿಗೆ 2 ವಾರ.

ಕೊರಳೆಲುಬು ಮುರಿದವರು ಆ ಬದಿಯ ಕೈಯನ್ನು ಎದೆಗೆ ಹಿಡಿದುಕೊಂಡೇ ಇರುತ್ತಾರೆ, ನೋಡಿದರೆ ಗೊತ್ತಾಗುತ್ತದೆ. ಬೈರಾಸನ್ನು ಮೂಲೆಗೆ ಮೂಲೆ ಮಡಚಿ ಕೈಯನ್ನು ಕುತ್ತಿಗೆಗೆ ತೂಗಿ ಕಟ್ಟಿ, ಎಳೆದು ಕೂರಿಸಲು ಯಾರನ್ನೂ ಬಿಡಬೇಡಿ. ಹ್ಯಾಂಡಲ್ ತುದಿ ಹೊಟ್ಟೆಗೆ ಚುಚ್ಚಿದವರಿಗೆ ಹೊರಗೆ ಏನೂ ಕಾಣದೆ ಒಳಗೆ ರಕ್ತ ಸೋರುತ್ತಿರಬಹುದು. ಮುಖ ಬಿಳಿಚುವುದು, ತಣ್ಣನೆ ಬೆವರು, ಹೊಟ್ಟೆ ಗಟ್ಟಿಯಾಗುವುದು, ಪೆಟ್ಟೇ ಬೀಳದ ಎಡಹೆಗಲಿನಲ್ಲಿ ನೋವು, ಇವು ಗುಲ್ಮಕ್ಕೆ ಪೆಟ್ಟಾದ ಗುರುತು. ಮಕ್ಕಳಲ್ಲಿ ಇನ್ನೂ ಎಚ್ಚರ.

ತರಚುಗಾಯಕ್ಕೆ ಅರಸಿನ, ಕಾಫಿಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಕುಡಿಯುವ ನೀರು ಎರಡು ಲೀಟರ್ ಸುರಿದು, ಸೋಪು ಹಾಕಿ, ಗಾಜ್ ಬಟ್ಟೆಯಿಂದ ಉಜ್ಜಿ ಕೆಂಪುಧೂಳು ಪೂರ್ತಿ ತೆಗೆಯಿರಿ. ಉರಿಯುತ್ತದೆ, ಆದರೆ ಒಳಗುಳಿದ ಧೂಳು ಚರ್ಮದಡಿ ಹಚ್ಚೆಯಂತೆ ಶಾಶ್ವತವಾಗಿ ಕೂರುತ್ತದೆ. ಮೇಲೆ ಪ್ಯಾರಾಫಿನ್ ಗಾಜ್ ಹಾಕಿ ಕಟ್ಟಿ, ಒಣಗಿ ಹೆಪ್ಪಳೆ ಕಟ್ಟಲಿ ಎಂದು ತೆರೆದಿಡುವುದಕ್ಕಿಂತ ಬೇಗ ಮಾಗುತ್ತದೆ. ಮಣ್ಣಾದ ಗಾಯಕ್ಕೆ ಟಿಟಿ ಚುಚ್ಚಿಸಿ 5 ವರ್ಷ ದಾಟಿದ್ದರೆ ಮತ್ತೆ ಚುಚ್ಚಿಸಿ. ಬೀಳಿಸಿದ ನಾಯಿಯ ಹಲ್ಲು ತಾಗಿದ್ದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆ ಶುರುಮಾಡಬೇಕು.

ಸೈಕಲ್ ಮತ್ತೆ ಹತ್ತುವ ಮುನ್ನ

ವೃತ್ತಿಪರರು ಬಿದ್ದರೆ ಕಾರಿನಿಂದ ಬೇರೆ ಸೈಕಲ್ ಬರುತ್ತದೆ. ನಮಗೆ ಬರುವುದಿಲ್ಲ, ಆದ್ದರಿಂದ ಐದು ನಿಮಿಷ ನೋಡಿ. ಬ್ರೇಕ್ ಲಿವರ್‌ಗಳು ನೇರ ಇವೆಯೇ, ಚಕ್ರ ಎಲ್ಲೂ ತಾಗದೆ ತಿರುಗುತ್ತದೆಯೇ, ಹ್ಯಾಂಡಲ್ ಎರಡೂ ಬದಿಗೆ ಸರಾಗ ತಿರುಗುತ್ತದೆಯೇ. ಬಲಬದಿಗೆ ಬಿದ್ದಿದ್ದರೆ ಹಿಂದಿನ ಗೇರ್ ಕಿವಿ (ಗೇರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು) ಒಳಕ್ಕೆ ಬಗ್ಗಿರಬಹುದು. ಹಿಂದಿನಿಂದ ನೋಡಿದಾಗ ಅದರ ಎರಡು ಸಣ್ಣ ಚಕ್ರಗಳು ಮೇಲಿನ ಹಲ್ಲುಚಕ್ರದೊಂದಿಗೆ ಒಂದೇ ಗೆರೆಯಲ್ಲಿ ಇರಬೇಕು. ಬಗ್ಗಿದ್ದರೆ ಏರು ಬಂದಾಗ ಅತಿ ಹಗುರ ಗೇರಿಗೆ ಹಾಕಲೇಬೇಡಿ. ಗೇರು ಕಡ್ಡಿಗಳ ನಡುವೆ ಹೊಕ್ಕು ಹಿಂಚಕ್ರ ಅಲ್ಲೇ ಲಾಕಾಗುತ್ತದೆ, ಒಂದೇ ದಿನ ಎರಡನೆಯ ಸಲ ಬೀಳುವುದು ಹೀಗೆ.

ಕಾರ್ಬನ್ ಫ್ರೇಮು, ಫೋರ್ಕು, ಹ್ಯಾಂಡಲನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಮಂಕಾಗಿ ತಪ್ ಎಂದರೆ ಒಳಗೆ ಪದರ ಬಿಟ್ಟಿದೆ ಎಂಬ ಶಂಕೆ, ಬಣ್ಣದ ಗೀರನ್ನು ಉಗುರಿನಿಂದ ಕೆರೆದಾಗ ಉಗುರು ಸಿಕ್ಕಿಕೊಂಡರೆ ಬಿರುಕು. ಎರಡರಲ್ಲಿ ಯಾವುದಿದ್ದರೂ ತಳ್ಳಿಕೊಂಡೇ ಹೋಗಿ. ಅಲ್ಯುಮಿನಿಯಂ ಹ್ಯಾಂಡಲ್ ಬಗ್ಗಿದ್ದರೆ ಹಿಂದಕ್ಕೆ ಬಗ್ಗಿಸಿ ಬಳಸುವಂತಿಲ್ಲ, ಬಗ್ಗಿದಲ್ಲೇ ಒಂದು ದಿನ ಮುರಿಯುತ್ತದೆ.

ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಸರಿಯಾಗಿಯೇ ಕಾಣಬಹುದು. ಒಳಗಿನ ಫೋಮು ಒಂದು ಸಲ ಕುಗ್ಗಿ ಪೆಟ್ಟು ನುಂಗುವುದಕ್ಕೆ ಮಾಡಿದ್ದು, ಕುಗ್ಗಿದ್ದು ಹಿಂದಕ್ಕೆ ಉಬ್ಬುವುದಿಲ್ಲ. ಹೊಸತು ತನ್ನಿ. ಹಳೆಯದನ್ನು ಹಾಗೇ ಬಿಸಾಡಿದರೆ ಯಾರಾದರೂ ಹೆಕ್ಕಿ ಮಗುವಿನ ತಲೆಗೆ ಇಟ್ಟಾರು. ಪಟ್ಟಿಗಳನ್ನು ಕತ್ತರಿಸಿಯೇ ಎಸೆಯಿರಿ.